ಹೆಪ್ಪುಗಟ್ಟಬಾರದ ರಕ್ತ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋರಿಯ ರಕ್ತವನ್ನು ಬೋಗುಣಿಯಲ್ಲಿ ಹಿಡಿದು ಸುಮ್ಮನೆ ಇಟ್ಟರೆ ಸ್ವಲ್ಪ ಹೊತ್ತಿನಲ್ಲೇ ಹೆಪ್ಪುಗಟ್ಟುತ್ತದೆ. ಆಮೇಲೆ ಅದನ್ನು ಬೆರಳಿನಿಂದ ಚಿಮುಕಿಸಲು ಬರುವುದಿಲ್ಲ. ಯೆರೂಸಲೇಮಿನ ದೇವಾಲಯದಲ್ಲಿ ಯಹೂದಿಗಳ ದೋಷಪರಿಹಾರದ ದಿನವಾದ ಯೋಮ್ ಕಿಪ್ಪೂರಿನಂದು, ಅಂದರೆ ಅವರ ತಿಶ್ರಿ ತಿಂಗಳ 10ರಂದು, ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದೇ ಒಬ್ಬನ ಕೆಲಸವಾಗಿತ್ತು. ಮಹಾಯಾಜಕ ಒಳಗೆ ಧೂಪ ಹಾಕಿ ಬರುವ ತನಕ ಅವನು ಬೋಗುಣಿ ಹಿಡಿದು ರಕ್ತವನ್ನು ಕಲಕುತ್ತಾ ನಿಂತಿರಬೇಕಿತ್ತು. ಕ್ರಿ.ಶ. 200ರ ಸುಮಾರಿಗೆ ಸಂಕಲನವಾದ ಯಹೂದಿ ವಿಧಿಗ್ರಂಥ ಮಿಷ್ನಾದಲ್ಲಿ ಈ ವಿವರ ಇದೆ. ಪಸ್ಕಹಬ್ಬದ ಬೋಗುಣಿಗಳ ಬಗ್ಗೆಯೂ ಅದು ಇಂಥದೇ ಮಾತು ಹೇಳುತ್ತದೆ. ಅವುಗಳಿಗೆ ಚಪ್ಪಟೆ ತಳ ಇರುತ್ತಿರಲಿಲ್ಲ, ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಯಾರಾದರೂ ಕೆಳಗಿಟ್ಟು ಮರೆತರೆ ರಕ್ತ ಗಟ್ಟಿಯಾದೀತೆಂಬ ಎಚ್ಚರಿಕೆ ಅದು.

ಇಷ್ಟೊಂದು ಜಾಗ್ರತೆ ಯಾಕೆ? ವಿಧಿಯ ತಿರುಳು ಪ್ರಾಣಿಯನ್ನು ಕೊಲ್ಲುವುದರಲ್ಲಿ ಇರಲಿಲ್ಲ. ಸಾಮಾನ್ಯ ಬಲಿಗಳಲ್ಲಿ ಯಾಜಕನಲ್ಲದವನೂ ಪ್ರಾಣಿಯನ್ನು ಕೊಯ್ಯಬಹುದಿತ್ತು. ಯಾಜಕನೇ ಮಾಡಬೇಕಾದ ಕೆಲಸ ಶುರುವಾಗುತ್ತಿದ್ದದ್ದು ರಕ್ತವನ್ನು ಪಾತ್ರೆಯಲ್ಲಿ ಹಿಡಿಯುವ ಗಳಿಗೆಯಿಂದ. ಎಡಗೈಯಲ್ಲಿ ಹಿಡಿದರೆ ಬಲಿ ಕೆಟ್ಟಿತು. ಪ್ರಾಣಿಯ ಕತ್ತಿನಿಂದ ನೇರವಾಗಿ ನೆಲಕ್ಕೆ ಬಿದ್ದದ್ದನ್ನು ಬಾಚಿಕೊಂಡರೂ ಕೆಟ್ಟಿತು. ಪಾತ್ರೆಗೆ ಬಂದ ಮೇಲೆ ಚೆಲ್ಲಿದ್ದಾದರೆ ಎತ್ತಿಕೊಳ್ಳಬಹುದು, ಬಲಿ ಸಲ್ಲುತ್ತದೆ.

ಬೈಬಲಿನ ಯಾಜಕಕಾಂಡದ 17ನೆಯ ಅಧ್ಯಾಯದ 11ನೆಯ ವಚನ ಇದಕ್ಕೆ ಕಾರಣ ಕೊಡುತ್ತದೆ. ದೇಹದ ಪ್ರಾಣ ರಕ್ತದಲ್ಲಿದೆ, ನಿಮ್ಮ ಪ್ರಾಣಗಳಿಗಾಗಿ ದೋಷಪರಿಹಾರವಾಗಲೆಂದು ಅದನ್ನು ವೇದಿಯ ಮೇಲೆ ನಾನೇ ನಿಮಗೆ ಕೊಟ್ಟಿದ್ದೇನೆ ಎಂಬುದು ಅದರ ತಾತ್ಪರ್ಯ. ಕೊಡುವವನು ಯಾರು, ಪಡೆಯುವವರು ಯಾರು ಎಂದು ಗಮನಿಸಿ. ಸಿಟ್ಟಾದ ದೇವರಿಗೆ ಮನುಷ್ಯರು ರಕ್ತ ಒಪ್ಪಿಸಿ ಸಮಾಧಾನಪಡಿಸುತ್ತಾರೆ ಎಂಬ ಚಿತ್ರ ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿದೆ. ಈ ವಚನದಲ್ಲಿ ಕೊಡುವವನು ದೇವರು. ಕೊಟ್ಟದ್ದು ಪ್ರಾಣ, ಸಾವಲ್ಲ.

ಕನ್ನಡದಲ್ಲಿ ನಮಗೆ ಇನ್ನೊಂದು ತೊಡಕಿದೆ. ಪ್ರಾಯಶ್ಚಿತ್ತ ಎಂದ ಕೂಡಲೇ ತಪ್ಪು ಮಾಡಿದವನು ತಾನೇ ಪಡುವ ಕಷ್ಟ ನೆನಪಾಗುತ್ತದೆ: ಉಪವಾಸ, ವ್ರತ, ತೀರ್ಥಸ್ನಾನ. ಯೋಮ್ ಕಿಪ್ಪೂರಿನಲ್ಲಿ ಉಪವಾಸ ಉಂಟು, ನಿಜ. ಆದರೆ ಹೀಬ್ರೂ ಭಾಷೆಯ 'ಕಿಪ್ಪೆರ್' ಕ್ರಿಯಾಪದದ ಜಾಡು ಬೇರೆ. ಅದರ ಹಿಂದೆ ಒರೆಸಿ ತೆಗೆಯುವ ಅರ್ಥವೂ ಇದೆ, ಒಂದು ಜೀವಕ್ಕೆ ಈಡು ಕೊಟ್ಟು ಬಿಡಿಸಿಕೊಳ್ಳುವ ಅರ್ಥವೂ ಇದೆ. ಯಾವುದು ಮುಖ್ಯ ಎಂಬುದು ಆಯಾ ವಚನದ ಮೇಲೆ ಹೋಗುತ್ತದೆ.

ಯಾಜಕಕಾಂಡದ 16ನೆಯ ಅಧ್ಯಾಯದಲ್ಲಿ ಒರೆಸುವ ಅರ್ಥವೇ ಎದ್ದು ಕಾಣುತ್ತದೆ. ಮಹಾಯಾಜಕ ತನ್ನ ಬಂಗಾರದ ಉಡುಪು ಕಳಚಿಟ್ಟು, ಸ್ನಾನ ಮಾಡಿ, ಬರೀ ನಾರುಬಟ್ಟೆ ತೊಡುತ್ತಾನೆ. ತನಗೂ ತನ್ನ ಮನೆತನಕ್ಕೂ ಒಂದು ಹೋರಿ, ಜನರಿಗಾಗಿ ಎರಡು ಹೋತಗಳು. ಹೋರಿಯನ್ನು ಕೊಯ್ದ ಮೇಲೆ ಧೂಪಾರತಿಯಲ್ಲಿ ಕೆಂಡ, ಬೊಗಸೆ ತುಂಬ ಪುಡಿಧೂಪ ಹಿಡಿದು ಪರದೆಯ ಹಿಂದಿನ ಮಹಾಪವಿತ್ರಸ್ಥಾನಕ್ಕೆ ಹೋಗುತ್ತಾನೆ. ಅಲ್ಲಿ ಒಡಂಬಡಿಕೆಯ ಪೆಟ್ಟಿಗೆಯಾದ ಮಂಜೂಷದ ಮುಚ್ಚಳವನ್ನು, ಅಂದರೆ ಕೃಪಾಸನವನ್ನು, ಹೊಗೆ ಮುಚ್ಚಬೇಕು, ಇಲ್ಲವಾದರೆ ಅವನು ಸಾಯುತ್ತಾನೆ. ಹೊರಗೆ ಬಂದು, ಕಲಕುತ್ತಾ ನಿಂತವನ ಕೈಯಿಂದ ರಕ್ತ ಇಸಿದುಕೊಂಡು ಮತ್ತೆ ಒಳಗೆ ಹೋಗುತ್ತಾನೆ. ಮೇಲ್ಮುಖವಾಗಿ ಒಂದು ಸಲ, ಕೆಳಮುಖವಾಗಿ ಏಳು ಸಲ ಚಿಮುಕಿಸುತ್ತಾನೆ. ಚಾಟಿ ಬೀಸುವವನ ಹಾಗೆ ಎನ್ನುತ್ತದೆ ಮಿಷ್ನಾ. ಮೊದಲನೆಯದು ನಾಶವಾದ ಮೇಲೆ ಕಟ್ಟಿದ ಎರಡನೆಯ ದೇವಾಲಯದ ಕಾಲಕ್ಕೆ ಮಂಜೂಷವೇ ಇರಲಿಲ್ಲ. ನೆಲದಿಂದ ಮೂರು ಬೆರಳು ಎತ್ತರದ ಒಂದು ಬಂಡೆ ಮಾತ್ರ ಇತ್ತು. ಆದರೂ ವಿಧಿ ಬದಲಾಗಲಿಲ್ಲ.

ಮಿಷ್ನಾದ ಲೆಕ್ಕ ಹೀಗೆ. ಹೋರಿಯ ರಕ್ತ ಒಳಗೆ 8, ಹೋತದ್ದು ಒಳಗೆ 8. ಹೊರಗೆ ಪರದೆಯ ಕಡೆಗೆ ಮತ್ತೆ 8 ಮತ್ತು 8. ಆಮೇಲೆ ಎರಡೂ ರಕ್ತ ಬೆರೆಸಿ ಚಿನ್ನದ ಧೂಪವೇದಿಯ ನಾಲ್ಕು ಕೊಂಬುಗಳಿಗೆ ಹಚ್ಚಿ, ಅದರ ಮೇಲೆ 7 ಸಲ. ಒಟ್ಟು 43. ಒಳಗಿನ ಚಿಮುಕಿಸುವಿಕೆ ಮುಗಿಯುವ ಮೊದಲೇ ರಕ್ತ ಚೆಲ್ಲಿಹೋದರೆ ಬೇರೆ ಪ್ರಾಣಿಯ ರಕ್ತ ತಂದು ಒಳಗಿನದನ್ನು ಮೊದಲಿನಿಂದ ಮಾಡಬೇಕು. ಉಳಿದದ್ದನ್ನು ಅಂಗಳದ ವೇದಿಯ ಬುಡಕ್ಕೆ ಸುರಿಯುತ್ತಿದ್ದರು. ಅದು ಕಾಲುವೆಯಲ್ಲಿ ಹರಿದು ಕಿದ್ರೋನ್ ಹಳ್ಳ ಸೇರುತ್ತಿತ್ತು. ಅಲ್ಲಿ ತೋಟದವರು ಅದನ್ನು ಗೊಬ್ಬರಕ್ಕೆಂದು ಹಣ ಕೊಟ್ಟು ಕೊಳ್ಳುತ್ತಿದ್ದರು.

ಇಷ್ಟರಲ್ಲಿ ಒಬ್ಬ ಮನುಷ್ಯನ ಮೇಲೂ ರಕ್ತ ಬೀಳಲಿಲ್ಲ. ಬಿದ್ದದ್ದು ಕೃಪಾಸನದ ಕಡೆಗೆ, ಪರದೆಯ ಕಡೆಗೆ, ವೇದಿಯ ಮೇಲೆ. ಜನರ ಪಾಪ ದೇವರ ಮನೆಗೆ ಕೊಳೆಯಾಗಿ ಮೆತ್ತಿಕೊಳ್ಳುತ್ತದೆ, ಪ್ರಾಣವಿರುವ ರಕ್ತ ಆ ಕೊಳೆ ತೊಳೆಯುತ್ತದೆ ಎಂದು 20ನೆಯ ಶತಮಾನದ ಯಹೂದಿ ವಿದ್ವಾಂಸ ಜೇಕಬ್ ಮಿಲ್‌ಗ್ರೋಮ್ ವಾದಿಸಿದರು. ಯಾಜಕಕಾಂಡದ 4ನೆಯ ಅಧ್ಯಾಯ ಅವರ ಬೆನ್ನಿಗಿದೆ. ಸಾಮಾನ್ಯನೊಬ್ಬ ತಿಳಿಯದೆ ತಪ್ಪಿದರೆ ರಕ್ತ ಅಂಗಳದ ವೇದಿಯ ಕೊಂಬುಗಳಿಗೆ ಮಾತ್ರ. ಮಹಾಯಾಜಕನೋ ಇಡೀ ಸಮುದಾಯವೋ ತಪ್ಪಿದರೆ ರಕ್ತ ದೇವರ ಗುಡಾರದ (ದೇವಾಲಯಕ್ಕೆ ಮೊದಲಿದ್ದ ಪೂಜಾಸ್ಥಳದ) ಒಳಕ್ಕೆ, ಪರದೆಯ ಎದುರಿನ ತನಕ ಹೋಗಬೇಕು. ತಪ್ಪಿನ ತೂಕ ಹೆಚ್ಚಿದಷ್ಟೂ ಕೊಳೆ ಒಳಗೊಳಗೆ ಇಳಿಯುತ್ತದೆ. ಯಾಜಕಕಾಂಡ ಓದುವವರಿಗೆ ಇದಕ್ಕಿಂತ ಒಳ್ಳೆಯ ಕೀಲಿಕೈ ನನಗೆ ಕಾಣದು.

ಎರಡು ಹೋತಗಳನ್ನು ಬೆರೆಸಿ ಒಂದೇ ಮಾಡಿ ಹೇಳುವ ತಪ್ಪು ಪ್ರವಚನಗಳಲ್ಲಿ ಬಹಳ. ಚೀಟಿ ಹಾಕಿ ಆರಿಸಿದ ಮೊದಲ ಹೋತದ ರಕ್ತ ಒಳಗೆ ಹೋಗುತ್ತದೆ, ಅದರ ತಲೆಯ ಮೇಲೆ ಯಾರೂ ಪಾಪ ಹೊರಿಸುವುದಿಲ್ಲ. ಎರಡೂ ಕೈಯಿಟ್ಟು ಜನರ ಪಾಪಗಳನ್ನೆಲ್ಲ ಅರಿಕೆಮಾಡಿ ಹೊರಿಸುವುದು ಅಜಾಜೇಲನ (ಅಡವಿಯ ಭೂತವೆಂದು ಹಲವರು ಅರ್ಥಮಾಡುವ ಹೆಸರು) ಪಾಲಿನ ಎರಡನೆಯ ಹೋತದ ಮೇಲೆ. ಯಾಜಕಕಾಂಡದ ಪ್ರಕಾರ ಅದನ್ನು ಕೊಯ್ಯುವುದಿಲ್ಲ, ಜೀವಂತ ಕಾಡಿಗೆ ಅಟ್ಟುತ್ತಾರೆ. ಬಂಡೆಯಿಂದ ಕೆಳಕ್ಕೆ ತಳ್ಳುವ ಪದ್ಧತಿ ಮಿಷ್ನಾದ್ದು. ಪಾಪ ಹೊತ್ತ ಪ್ರಾಣಿ ವೇದಿಗೆ ರಕ್ತ ಕೊಡುವುದಿಲ್ಲ, ರಕ್ತ ಕೊಟ್ಟ ಹೋತ ಪಾಪ ಹೊರುವುದಿಲ್ಲ.

ರಕ್ತ ಇಲ್ಲದೆಯೂ ಪರಿಹಾರ ಇತ್ತು. ಯಾಜಕಕಾಂಡದ 5ನೆಯ ಅಧ್ಯಾಯದಲ್ಲಿ, ಎರಡು ಪಾರಿವಾಳಕ್ಕೂ ಗತಿಯಿಲ್ಲದವನು ಏಫಾ ಅಳತೆಯ ಹತ್ತನೆಯ ಒಂದು ಪಾಲು, ಸುಮಾರು 2 ಲೀಟರಿನಷ್ಟು ಹಿಟ್ಟು ತಂದರೆ ಸಾಕು. ಎಣ್ಣೆ ಹಾಕಬಾರದು, ಧೂಪ ಇಡಬಾರದು. ಅವನಿಗೂ ಕ್ಷಮೆಯಾಗುತ್ತದೆ. ಬೇಕೆಂದೇ ಕೈಯೆತ್ತಿ ಮಾಡಿದ ಪಾಪಕ್ಕಾದರೋ ಬೈಬಲಿನ ಅರಣ್ಯಕಾಂಡದ 15ನೆಯ ಅಧ್ಯಾಯ ಬಲಿಯನ್ನೇ ಹೇಳುವುದಿಲ್ಲ. ನೆರೆಯವನಿಗೆ ಮಾಡಿದ ಅನ್ಯಾಯವನ್ನು, ಅವನನ್ನು ಸಮಾಧಾನಪಡಿಸುವ ತನಕ, ಯೋಮ್ ಕಿಪ್ಪೂರ್ ಕೂಡ ತೊಡೆಯದು ಎಂದು ಮಿಷ್ನಾ ಖಡಾಖಂಡಿತವಾಗಿ ಹೇಳುತ್ತದೆ.

ಕ್ರೈಸ್ತರ ಹೊಸ ಒಡಂಬಡಿಕೆ ಈ ಭಾಷೆಯನ್ನೇ ಎತ್ತಿಕೊಂಡಿತು. ಕಡೆಯ ಊಟದಲ್ಲಿ ಯೇಸು ದ್ರಾಕ್ಷಾರಸದ ಪಾತ್ರೆ ಹಿಡಿದು ಹೇಳಿದ 'ಒಡಂಬಡಿಕೆಯ ರಕ್ತ' ವಿಮೋಚನಕಾಂಡದ 24ನೆಯ ಅಧ್ಯಾಯದ ಮಾತು. ಅಲ್ಲಿ ಮೋಶೆ ಅರ್ಧ ರಕ್ತವನ್ನು ವೇದಿಗೆ ಎರಚಿ, ಉಳಿದರ್ಧವನ್ನು ಜನರ ಮೇಲೆ ಚಿಮುಕಿಸುತ್ತಾನೆ. ಅದು ಸಂಬಂಧ ಬೆಸೆಯುವ ರಕ್ತ. 'ಪಾಪಗಳ ಕ್ಷಮೆಗಾಗಿ' ಎಂಬುದನ್ನು ಆ ಪಾತ್ರೆಯ ಮಾತಿಗೆ ಸೇರಿಸುವವನು ಮತ್ತಾಯ, ಮಾರ್ಕ ಲೂಕರಲ್ಲಿ ಅದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 3:25ರಲ್ಲಿ ಪೌಲ ಯೇಸುವನ್ನು 'ಹಿಲಸ್ತೇರಿಯೋನ್' ಎನ್ನುತ್ತಾನೆ. ಗ್ರೀಕ್ ಬೈಬಲಿನಲ್ಲಿ ಕೃಪಾಸನಕ್ಕೆ ಇರುವುದು ಅದೇ ಪದ. ಹಾಗೆ ಓದಿದರೆ, ರಕ್ತ ಬೀಳುವ ಆ ಜಾಗವೇ ಯೇಸು ಎಂದಾಗುತ್ತದೆ.

ಇಬ್ರಿಯರಿಗೆ ಬರೆದ ಪತ್ರದ 9:22ನ್ನು ಎಲ್ಲರೂ ಉದ್ಧರಿಸುತ್ತಾರೆ: ರಕ್ತ ಸುರಿಯದೆ ಕ್ಷಮೆಯಿಲ್ಲ. ಅದೇ ವಚನದ ಮೊದಲ ಭಾಗದಲ್ಲಿ, ಧರ್ಮಶಾಸ್ತ್ರದ ಪ್ರಕಾರ 'ಹೆಚ್ಚುಕಡಿಮೆ' ಎಲ್ಲವೂ ರಕ್ತದಿಂದ ಶುದ್ಧವಾಗುತ್ತದೆ ಎಂದಿದೆ. ಆ 'ಹೆಚ್ಚುಕಡಿಮೆ'ಯನ್ನು ಬಿಟ್ಟುಬಿಡುತ್ತಾರೆ. ಬಡವನ ಹಿಟ್ಟಿಗೆ ಜಾಗ ಇರುವುದು ಆ ಪದದಲ್ಲೇ. ಈ ಪತ್ರದ ಕಥೆ ಶಿಲುಬೆಯ ಹತ್ತಿರ ನಿಲ್ಲುವುದೂ ಇಲ್ಲ. ಮಹಾಯಾಜಕನ ಹಾಗೆ ಯೇಸು ಪರದೆ ದಾಟಿ ಪರಲೋಕಕ್ಕೇ ಹೋಗುತ್ತಾನೆ, ವರ್ಷವರ್ಷವೂ ಅಲ್ಲ, ಒಂದೇ ಸಲ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟರು. ಅದರ ಪಾಳು ನೋಡಿ ಅತ್ತ ಶಿಷ್ಯನಿಗೆ ರಬ್ಬಿ ಯೋಹಾನನ್ ಬೆನ್ ಜಕ್ಕಾಯಿ ಪ್ರವಾದಿ ಹೋಶೇಯನ 6:6ನ್ನು, 'ನನಗೆ ಬೇಕಾದದ್ದು ದಯೆ, ಬಲಿಯಲ್ಲ' ಎಂಬ ಮಾತನ್ನು, ನೆನಪಿಸಿ, ದಯೆಯ ಕೆಲಸ ಅಷ್ಟೇ ಬೆಲೆಯ ಪರಿಹಾರ ಎಂದರೆಂದು ಯಹೂದಿ ಪರಂಪರೆ ಹೇಳುತ್ತದೆ. ವೇದಿ ಹೋಯಿತು, ಬೋಗುಣಿ ಹೋಯಿತು. ಮಹಾಯಾಜಕ ಲೆಕ್ಕ ತಪ್ಪಬಾರದೆಂದು ಗಟ್ಟಿಯಾಗಿ ಎಣಿಸುತ್ತಿದ್ದದ್ದು ಮಾತ್ರ ಉಳಿಯಿತು. ಇವತ್ತಿಗೂ ಯೋಮ್ ಕಿಪ್ಪೂರಿನ ಮಧ್ಯಾಹ್ನದ ಹೊತ್ತಿಗೆ ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗುಗಳಲ್ಲಿ ಆ ಎಣಿಕೆ ಕೇಳುತ್ತದೆ: ಒಂದು. ಒಂದು ಮತ್ತು ಒಂದು. ಒಂದು ಮತ್ತು ಎರಡು. ಒಂದು ಮತ್ತು ಮೂರು.