ಅಟ್ಟದ ಲೆಕ್ಕ: ನೋಟ್ ಆ್ಯಪ್ ಸಾಕಾ, ಸಾಫ್ಟ್‌ವೇರ್ ಬೇಕಾ?

ಎಲ್ಲರಿಗೂ ನಮಸ್ಕಾರ. ಸ್ಕ್ರೀನ್ ಮೇಲೆ ಈಗ ಕಾಣುತ್ತಿರುವುದು ನಮ್ಮ ಮನೆಯ ಅಟ್ಟ. ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ಮನೆ, ಹಾಗಾಗಿ ಕೆಳಗೆ ಹಿಡಿಸದ್ದೆಲ್ಲ ಮೇಲಕ್ಕೆ. ಎಡಗಡೆ ಬೊಂಬೆ ಡಬ್ಬಗಳು. ಮಧ್ಯದಲ್ಲಿ ಟಿವಿ ಬಂದಿದ್ದ ಖಾಲಿ ಕಾರ್ಟನ್. ಮನೆ ಬದಲಿಸುವಾಗ ಬೇಕಾಗುತ್ತದೆ ಅಂತ ಎಲ್ಲರೂ ಇಟ್ಟಿರುತ್ತಾರಲ್ಲ, ಅದೇ. ಬಲಗಡೆ ಹಳೇ ಟ್ರಂಕು. ಅದರೊಳಗೆ ಏನಿದೆ ಅಂತ ನನಗೂ ಗೊತ್ತಿಲ್ಲ, ನಮ್ಮ ಮನೆಯವರಿಗೂ ಗೊತ್ತಿಲ್ಲ. ಅತ್ತೆಗೆ ಗೊತ್ತು.

ಮನೆ ಸಾಮಾನಿನ ಲೆಕ್ಕ ಇಡುವುದಕ್ಕೆ ಫೋನಿನಲ್ಲಿರುವ ಮಾಮೂಲಿ ನೋಟ್ ಆ್ಯಪ್ ಸಾಕಾ, ಇಲ್ಲ ಅದಕ್ಕೇ ಅಂತ ಮಾಡಿದ ಸಾಫ್ಟ್‌ವೇರ್ ಬೇಕಾ? ಇವತ್ತಿನ ವಿಷಯ ಇದು. ನಾನು ಎರಡನ್ನೂ ಜೊತೆಜೊತೆಗೆ ಬಳಸಿ ನೋಡಿದೆ. ನೋಟ್ ಆ್ಯಪ್ ಅಂದರೆ ಗೂಗಲ್ ಕೀಪ್, 2013ರಿಂದ ಇದೆ, ಎಲ್ಲರಿಗೂ ಗೊತ್ತಿರುವಂಥದ್ದೇ. ಸಾಫ್ಟ್‌ವೇರ್ ಅಂದರೆ ಹೋಮ್‌ಬಾಕ್ಸ್. ಇದು ಓಪನ್ ಸೋರ್ಸ್, ಅಂದರೆ ಇದರ ಕೋಡ್ ಯಾರು ಬೇಕಾದರೂ ನೋಡಬಹುದು, ಪುಕ್ಕಟೆ. ಆದರೆ ನಮ್ಮದೇ ಕಂಪ್ಯೂಟರಿನಲ್ಲಿ ಕೂರಿಸಿ ಓಡಿಸಬೇಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಟ್ಟಿ ಬರೆಯುವುದು ಕಷ್ಟ ಅಲ್ಲ. ಒಂದು ಭಾನುವಾರ ಕೂತರೆ ಆಯಿತು. ಆಮೇಲೆ ಏನಾಗುತ್ತದೆ ನೋಡಿ. ಡ್ರಿಲ್ ಮಶೀನು ಅಟ್ಟದಿಂದ ಇಳಿಯುತ್ತದೆ. ಪಕ್ಕದ ಮನೆಯವರು ಒಂದು ದಿನಕ್ಕೆ ಅಂತ ಕೇಳಿ ತಗೊಂಡು ಹೋಗುತ್ತಾರೆ. ವಾಪಸ್ ಬಂದದ್ದು ಶೂ ಸ್ಟ್ಯಾಂಡಿನ ಕೆಳಗೆ ಕೂರುತ್ತದೆ. ಆ ಹೊತ್ತಿನಲ್ಲಿ ಪಟ್ಟಿ ತಿದ್ದುವವರು ಯಾರು? ನಮ್ಮ ಮನೆಯವರಂತೂ ಅಲ್ಲ. ಯಾವ ಪಟ್ಟಿಯನ್ನು ಮನೆಯ ಎಲ್ಲರೂ ನಿಂತಲ್ಲೇ ತಿದ್ದಬಹುದೋ ಅದು ಮಾತ್ರ ಉಳಿಯುತ್ತದೆ. ಮಿಕ್ಕಿದ್ದು ಯಾವ ಆ್ಯಪ್‌ನಲ್ಲಿದ್ದರೂ ಸುಮ್ನೆ.

ಈಗ ಬೊಂಬೆ ಡಬ್ಬಕ್ಕೆ ಬರೋಣ. ಅತ್ತೆ ಮೈಸೂರಿನವರು. ನವರಾತ್ರಿಗೆ ಬೊಂಬೆ ಕೂರಿಸುವುದು ತಪ್ಪಿಸಿದವರಲ್ಲ. ವಿಜಯದಶಮಿ ಆದ ಮೇಲೆ ಒಂದೊಂದು ಬೊಂಬೆಯನ್ನೂ ಹಳೇ ಸೀರೆ ತುಂಡಿನಲ್ಲಿ ಸುತ್ತಿ ಮತ್ತೆ ಡಬ್ಬಕ್ಕೆ ಸೇರಿಸುತ್ತಾರೆ. ಸುತ್ತಿದ ಮೇಲೆ ಪಟ್ಟದ ಬೊಂಬೆ ಯಾವುದು, ವಾಸುದೇವ ಯಾವುದು, ಎಲ್ಲ ಒಂದೇ ಥರ. ಮುಂದಿನ ವರ್ಷ ಮೊದಲ ದಿನ ಬೇಕಾಗುವುದು ಬೊಂಬೆ ಅಲ್ಲ, ಕಬ್ಬಿಣದ ಮೆಟ್ಟಿಲು ಸ್ಟ್ಯಾಂಡಿನ ನಟ್ಟು ಬೋಲ್ಟು. ಅದು ಎಲ್ಲಕ್ಕಿಂತ ಕೆಳಗಿನ ಡಬ್ಬದ ತಳದಲ್ಲಿರುತ್ತದೆ. ಬೊಂಬೆ ಕೂರಿಸುವವರ ಮನೆಯಲ್ಲಿ ಇದು ಗೊತ್ತಿರುವ ಕಥೆಯೇ, ಅಲ್ವಾ?

ಇದಕ್ಕೆ ಕೀಪ್‌ನಲ್ಲಿ ಡಬ್ಬಕ್ಕೊಂದು ನೋಟು ಮಾಡಿದೆ. ಬೊಂಬೆಗೊಂದು ನೋಟಲ್ಲ, ಡಬ್ಬಕ್ಕೊಂದು. ಸ್ಕ್ರೀನ್ ನೋಡಿ, ತಲೆಬರಹ 'ಡಬ್ಬ 4, ಬೊಂಬೆ, ಅಟ್ಟ ಎಡಗಡೆ'. ಒಳಗೆ: ಪಟ್ಟದ ಬೊಂಬೆ ಜೋಡಿ. ಶೆಟ್ಟರು, ಶೆಟ್ಟಮ್ಮ. ಅವರ ಅಂಗಡಿಯ ಪುಟ್ಟ ತಕ್ಕಡಿ. ದಶಾವತಾರ, ಕೂರ್ಮಕ್ಕೆ ಅಂಟು ಹಾಕಿದೆ, ಹುಷಾರು. ನಟ್ಟು ಬೋಲ್ಟು ಬಿಸ್ಕತ್ತು ಡಬ್ಬದಲ್ಲಿ, ಮೇಲ್ಗಡೆ. ಜೊತೆಗೆ ಮುಚ್ಚಳ ಹಾಕುವ ಮುಂಚೆ ತೆಗೆದ ಒಂದು ಫೋಟೊ. ಅಷ್ಟೇ.

ಡಬ್ಬದ ಮೇಲೆ ನಂಬರ್ ಬರೆಯುವಾಗ ಒಂದು ವಿಷಯ. ಮುಚ್ಚಳದ ಮೇಲೆ ಬರೆಯಬೇಡಿ. ಅಟ್ಟದಲ್ಲಿಟ್ಟ ಡಬ್ಬದ ಮುಚ್ಚಳ ಕೆಳಗೆ ನಿಂತವರಿಗೆ ಕಾಣುವುದೇ ಇಲ್ಲ. ನಾಲ್ಕೂ ಬದಿಗೆ ದಪ್ಪ ಮಾರ್ಕರಿನಲ್ಲಿ ಬರೆದುಬಿಡಿ. ಯಾವ ಕಡೆ ತಿರುಗಿಸಿ ತಳ್ಳಿದರೂ ನಂಬರ್ ಕಾಣುತ್ತದೆ.

ಅತ್ತೆಗೆ ಮೊದಮೊದಲು ನಂಬಿಕೆ ಇರಲಿಲ್ಲ. "ಏನಮ್ಮ, ಶೆಟ್ಟಮ್ಮ ಎಲ್ಲಿದಾಳೆ ಅಂತ ನಿನ್ನ ಫೋನು ಹೇಳುತ್ತಾ?" ಅಂದರು. "ಕೇಳಿ ನೋಡಿ ಅತ್ತೆ" ಅಂತ ಫೋನ್ ಅವರ ಕೈಗೇ ಕೊಟ್ಟೆ. ಜಿಬೋರ್ಡ್ ಕೀಬೋರ್ಡಿನಲ್ಲಿ ಮೈಕ್ ಒತ್ತಿ ಕನ್ನಡದಲ್ಲೇ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ. 'ಶೆಟ್ಟಮ್ಮ' ಅಂದರು, ಡಬ್ಬ 4 ಬಂತು. ಈಗ ನೋಟು ಇಬ್ಬರ ಫೋನಿನಲ್ಲೂ ಇದೆ, ಕೀಪ್‌ನಲ್ಲಿ ಜಿಮೇಲ್ ವಿಳಾಸ ಕೊಟ್ಟು ಹಂಚಿಕೊಳ್ಳಬಹುದು. ಅಡುಗೆಮನೆಯ ದೊಡ್ಡ ಪಾತ್ರೆಗಳ ನೋಟನ್ನು ಅವರೇ ಶುರು ಮಾಡಿದ್ದಾರೆ. ಯಾವ ಕೊಪ್ಪರಿಗೆ ಯಾರ ಮದುವೆಯಲ್ಲಿ ಬಂದದ್ದು ಅಂತ ಅದರಲ್ಲಿ ಬರೆಯುವ ಕೆಲಸವೇ ಇಲ್ಲ. ಹೆಸರು, ತಾರೀಕು ಪಾತ್ರೆ ಮೇಲೇ ಕೆತ್ತಿದೆ. ಆ ಕಾಲದವರು ನಮಗಿಂತ ಜಾಣರು.

ನೋಟ್ ಆ್ಯಪ್‌ನ ಕೊರತೆಯೂ ಇಲ್ಲೇ ಕಾಣುತ್ತದೆ. ನಾವು ಬರೆದ ಅಕ್ಷರವನ್ನೇ ಅದು ಹುಡುಕುತ್ತದೆ. ಅತ್ತೆ 'ಇಕ್ಕಳ' ಅಂತ ಬರೆದು, ನಾನು 'ಪ್ಲೈಯರ್' ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಎರಡೂ ಹೆಸರು ಹಾಕಿಬಿಡುವುದು ಸುಲಭ. ಇನ್ನೊಂದು, ಅದಕ್ಕೆ ಲೆಕ್ಕ ಬರುವುದಿಲ್ಲ. ಮನೆಯಲ್ಲಿರುವ ಎಲೆಕ್ಟ್ರಾನಿಕ್ ಸಾಮಾನಿಗೆ ಒಟ್ಟು ಎಷ್ಟು ಕೊಟ್ಟಿದ್ದೇವೆ, ಈ ವರ್ಷ ಯಾವುದರ ವಾರಂಟಿ ಮುಗಿಯುತ್ತದೆ ಅಂತ ಕೇಳಿದರೆ ಸುಮ್ಮನೆ ಕೂರುತ್ತದೆ.

ಆ ಪ್ರಶ್ನೆಗೆ ಹೋಮ್‌ಬಾಕ್ಸ್. ಹಳೇ ಲ್ಯಾಪ್‌ಟಾಪಿನಲ್ಲಿ ಡಾಕರ್ ಹಾಕಿ ಓಡಿಸಿದ್ದೇನೆ. ಡಾಕರ್ ಅಂದರೆ ಏನು ಅಂತ ಕೇಳುವವರಿಗೆ ನನ್ನ ಸಲಹೆ: ಬೇಡ, ಬಿಡಿ, ವಿಡಿಯೋದ ಮಿಕ್ಕಿದ್ದು ನೋಡಿ. ಇದರಲ್ಲಿ ಮೊದಲು ಜಾಗ ಮಾಡಬೇಕು. ಮನೆ, ಅದರೊಳಗೆ ಅಡುಗೆಮನೆ, ಅದರೊಳಗೆ ಅಟ್ಟ, ಹೀಗೆ. ಆಮೇಲೆ ಒಂದೊಂದು ವಸ್ತು. ಪ್ರತಿ ವಸ್ತುವಿಗೂ ಕಂಪನಿ, ಮಾಡೆಲ್ ನಂಬರ್, ಸೀರಿಯಲ್ ನಂಬರ್, ಎಲ್ಲಿ ತಗೊಂಡದ್ದು, ಎಷ್ಟು ಕೊಟ್ಟದ್ದು, ವಾರಂಟಿ ಯಾವಾಗ ಮುಗಿಯುತ್ತದೆ, ಎಲ್ಲಕ್ಕೂ ಖಾನೆ ಇದೆ. ಬಿಲ್ಲಿನ ಫೋಟೊ ಸೇರಿಸಬಹುದು. ಕ್ಯೂಆರ್ ಚೀಟಿ ಪ್ರಿಂಟ್ ಮಾಡಿ ಅಂಟಿಸಬಹುದು. ಎಸಿ ಸರ್ವಿಸ್, ಆರ್‌ಒ ಫಿಲ್ಟರ್ ಬದಲಿಸಿದ್ದು ಇವನ್ನೆಲ್ಲ ದಿನಾಂಕದ ಜೊತೆ ಬರೆದಿಡಬಹುದು.

ಫ್ರಿಜ್ ಒಂದನ್ನು ತುಂಬಿಸಿ ತೋರಿಸುತ್ತೇನೆ. ಸೀರಿಯಲ್ ನಂಬರಿನ ಸ್ಟಿಕ್ಕರ್ ನಮ್ಮದರಲ್ಲಿ ಒಳಗೆ, ತರಕಾರಿ ಟ್ರೇ ಪಕ್ಕದ ಗೋಡೆಯಲ್ಲಿದೆ. ಟ್ರೇ ತೆಗೆದರೇ ಕಾಣುವುದು. ಫ್ರಿಜ್ ಪುಣ್ಯ, ಎಸಿಯ ಹೊರಗಿನ ಯೂನಿಟ್ಟಿನ ಸ್ಟಿಕ್ಕರ್ ಗೋಡೆ ಕಡೆಗೆ ತಿರುಗಿದ್ದರೆ ಫೋನನ್ನು ಸಂದಿಯಲ್ಲಿ ತೂರಿಸಿ ಕುರುಡಾಗಿ ಫೋಟೊ ತೆಗೆಯಬೇಕು. ಫಿಟ್ ಮಾಡುವ ದಿನವೇ, ಹುಡುಗರು ಗೋಡೆಗೆ ಏರಿಸುವ ಮುಂಚೆ ತೆಗೆದುಕೊಂಡರೆ ಈ ಸರ್ಕಸ್ ಇರುವುದಿಲ್ಲ.

ಇನ್ನು ವಾರಂಟಿ ಖಾನೆ. ಅಲ್ಲಿ ಒಂದೇ ತಾರೀಕಿಗೆ ಜಾಗ. ನಮ್ಮ ಫ್ರಿಜ್ಜಿಗೆ ಒಟ್ಟಾರೆ 1 ವರ್ಷ, ಕಂಪ್ರೆಸರಿಗೆ 10 ವರ್ಷ. ಯಾವುದನ್ನು ಹಾಕುವುದು? ಯುಪಿಎಸ್ ಬ್ಯಾಟರಿ ಇನ್ನೂ ತಮಾಷೆ. 36 ಪ್ಲಸ್ 24 ತಿಂಗಳು ಅಂತ ಕಾರ್ಡಿನಲ್ಲಿರುತ್ತದೆ. ಮೊದಲ 36 ತಿಂಗಳು ಹಾಳಾದರೆ ಹೊಸದು ಕೊಡುತ್ತಾರೆ. ಆಮೇಲಿನ 24 ತಿಂಗಳು ಬರೀ ರಿಯಾಯಿತಿ, ದಿನ ಕಳೆದಂತೆ ಅದೂ ಕಮ್ಮಿಯಾಗುತ್ತದೆ. ಇದು ಯಾವ ಖಾನೆಗೂ ಕೂರುವುದಿಲ್ಲ. ಕೊನೆಗೆ ಎಲ್ಲವನ್ನೂ ಕೆಳಗಿನ ಷರಾ ಜಾಗದಲ್ಲಿ ಸಾಲಾಗಿ ಬರೆದೆ. ಅಂದರೆ ಸಾಫ್ಟ್‌ವೇರ್ ಒಳಗೂ ನಾನು ಮಾಡಿದ್ದು ನೋಟ್ ಬರೆಯುವ ಕೆಲಸವೇ.

ಬಿಲ್ಲಿನ ಬಗ್ಗೆ ಗಟ್ಟಿಯಾಗಿ ಹೇಳುತ್ತೇನೆ. ಈಗ ಜಾಸ್ತಿ ಅಂಗಡಿಗಳು ಕೊಡುವುದು ಥರ್ಮಲ್ ಕಾಗದದ ಬಿಲ್ಲು. ಅದರಲ್ಲಿ ಇಂಕು ಇರುವುದಿಲ್ಲ, ಬಿಸಿಗೆ ಕಪ್ಪಾಗುವ ಕಾಗದ ಅದು. ಬಿಸಿಲು, ಬಿಸಿ ತಗುಲಿದರೆ ಹಾಳು. ಜೋಪಾನವಾಗಿರಲಿ ಅಂತ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟರೆ ಕೆಲವು ಕವರುಗಳಲ್ಲಿ ಇನ್ನೂ ಬೇಗ ಮಾಸುತ್ತದೆ. ಮಿಕ್ಸಿ ಕೆಟ್ಟ ದಿನ ತೆಗೆದು ನೋಡಿದರೆ ಬಿಳೀ ಚೀಟಿ. ನೋಟ್ ಆ್ಯಪ್ಪೋ ಸಾಫ್ಟ್‌ವೇರೋ, ಆಮೇಲೆ ಯೋಚನೆ ಮಾಡಿ. ಬಿಲ್ಲಿನ ಫೋಟೊ ಮಾತ್ರ ಅಂಗಡಿಯಿಂದ ಮನೆಗೆ ಬಂದ ಸಂಜೆಯೇ.

ಹೋಮ್‌ಬಾಕ್ಸ್ ಚೆನ್ನಾಗಿಲ್ಲ ಅಂತಲ್ಲ. ಅಚ್ಚುಕಟ್ಟಾಗಿದೆ, ನನಗೆ ಇಷ್ಟ. ಆದರೆ ನಾನು ಆಫೀಸಿನಲ್ಲಿರುವಾಗ ಸರ್ವಿಸ್ ಸೆಂಟರಿನವರು ಫೋನ್ ಮಾಡಿ "ಮೇಡಂ, ಮಾಡೆಲ್ ನಂಬರ್ ಹೇಳಿ" ಅಂತಾರೆ. ಅದು ಮನೆಯ ಲ್ಯಾಪ್‌ಟಾಪಿನಲ್ಲಿದೆ. ಹೊರಗಿಂದ ತೆರೆಯುವ ಹಾಗೆ ಮಾಡಬಹುದು, ಅದಕ್ಕೆ ಇನ್ನೊಂದಷ್ಟು ತಲೆ ಕೆಡಿಸಿಕೊಳ್ಳಬೇಕು. ನಮ್ಮ ಮನೆಯವರಿಗೆ ಅದರ ಪಾಸ್‌ವರ್ಡ್ ಕೊಟ್ಟು ಎಷ್ಟೋ ಕಾಲ ಆಯಿತು. ಒಂದು ದಿನವೂ ತೆರೆದಿಲ್ಲ. ಅತ್ತೆಗೆ ಹೇಳುವ ಧೈರ್ಯ ನನಗಿಲ್ಲ.

ದಿನಸಿಗೆ ಬೇರೆ ಸಾಫ್ಟ್‌ವೇರ್ ಇದೆ, ಗ್ರೋಸಿ ಅಂತ. ಪ್ಯಾಕೆಟ್ಟಿನ ಬಾರ್‌ಕೋಡ್ ಹೊಡೆದು ಸ್ಟಾಕ್ ಸೇರಿಸಬಹುದು, ಇಷ್ಟಕ್ಕಿಂತ ಕಮ್ಮಿಯಾದರೆ ತರುವ ಪಟ್ಟಿಗೆ ಹಾಕು ಅನ್ನಬಹುದು. ಬಾರ್‌ಕೋಡ್ 890ರಿಂದ ಶುರುವಾದರೆ ಅದು ಭಾರತದಲ್ಲಿ ನೋಂದಾಯಿಸಿದ ನಂಬರ್. ಆದರೆ ಊರಿಂದ ಬಂದ ರಾಗಿ ಮೂಟೆಗೆ ಯಾವ ಬಾರ್‌ಕೋಡು? ಬಿಡಿಯಾಗಿ ತಂದ ಹುಣಸೆಹಣ್ಣಿಗೆ? ಇದನ್ನು ಎರಡೇ ದಿನಕ್ಕೆ ಕೈಬಿಡುತ್ತೀರಿ ಅಂತ ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಇನ್ನು ಆ್ಯಪ್‌ಗಳ ಆಯಸ್ಸು. ಎವರ್‌ನೋಟ್ ಒಂದು ಕಾಲದಲ್ಲಿ ನೋಟ್ ಆ್ಯಪ್‌ಗಳ ರಾಜ. 2023ರ ಡಿಸೆಂಬರಿನಲ್ಲಿ ಪುಕ್ಕಟೆ ಬಳಸುವವರಿಗೆ ಬರೀ 50 ನೋಟು, ಒಂದೇ ನೋಟ್‌ಬುಕ್ ಅಂತ ಮಿತಿ ಹಾಕಿದರು. ಹೋಮ್‌ಬಾಕ್ಸನ್ನು ಮೊದಲು ಬರೆದವರು 2024ರಲ್ಲಿ ಕೈಬಿಟ್ಟರು, ಬೇರೆಯವರು ಅದನ್ನು ಎತ್ತಿಕೊಂಡು ನಡೆಸುತ್ತಿದ್ದಾರೆ. ಹಾಗಾಗಿ ಬರೆದ ಪಟ್ಟಿಯನ್ನು ಆ್ಯಪ್‌ನಿಂದ ಹೊರಗೆ ತೆಗೆಯುವ ದಾರಿ ಮೊದಲು ನೋಡಿಕೊಳ್ಳಿ. ಹೋಮ್‌ಬಾಕ್ಸ್ ಸಿಎಸ್‌ವಿ ಫೈಲ್ ಕೊಡುತ್ತದೆ, ಎಕ್ಸೆಲ್‌ನಲ್ಲಿ ತೆರೆಯಬಹುದು. ಕೀಪ್‌ನದ್ದು ಗೂಗಲ್ ಟೇಕ್‌ಔಟ್ ಅನ್ನುವ ಅವರದೇ ಪುಟದಿಂದ ಇಳಿಸಿಕೊಳ್ಳಬಹುದು.

ಇನ್ಶೂರೆನ್ಸಿಗೆ ಪಟ್ಟಿ ಬೇಕಲ್ವಾ ಅಂತ ಕೇಳುತ್ತೀರಿ. ಅಮೆರಿಕದವರ ವಿಡಿಯೋ ನೋಡಿದರೆ ಅವರು ಈ ಸಾಫ್ಟ್‌ವೇರ್ ಬಳಸುವುದೇ ಅದಕ್ಕೆ. ನಮ್ಮಲ್ಲಿ 2021ರ ಏಪ್ರಿಲ್ 1ರಿಂದ ಭಾರತ್ ಗೃಹ ರಕ್ಷಾ ಅಂತ ಒಂದೇ ಮಾದರಿಯ ಪಾಲಿಸಿ ಬಂದಿದೆ. ಸ್ವಂತ ಮನೆ ಇದ್ದು, ಕಟ್ಟಡ, ಸಾಮಾನು ಎರಡಕ್ಕೂ ಮಾಡಿಸಿದರೆ ಕಟ್ಟಡದ ಮೊತ್ತದ ಶೇಕಡಾ 20ರಷ್ಟು ಮನೆಯ ಸಾಮಾನಿಗೆ ತಾನಾಗಿ ಸಿಗುತ್ತದೆ, ಗರಿಷ್ಠ 10 ಲಕ್ಷ. ಅಷ್ಟಕ್ಕೆ ವಿವರದ ಪಟ್ಟಿ ಕೊಡಬೇಕಿಲ್ಲ. ಕಟ್ಟಡಕ್ಕೆ 30 ಲಕ್ಷ ಅಂದರೆ ಸಾಮಾನಿಗೆ 6 ಲಕ್ಷ. ಅದಕ್ಕಿಂತ ಜಾಸ್ತಿ ಬೇಕಾದರೆ ವಿವರ ಕೊಡಬೇಕು. ನಮ್ಮಂಥ ಬಾಡಿಗೆಯವರು ಬರೀ ಸಾಮಾನಿಗೆ ಮಾಡಿಸುವುದರಿಂದ ಮೊತ್ತ ನಾವೇ ಹೇಳಬೇಕು. ಆಗ ಪಟ್ಟಿ ಕೈಯಲ್ಲಿದ್ದರೆ ಬಾಯಿಗೆ ಬಂದ ಅಂಕಿ ಹೇಳುವುದು ತಪ್ಪುತ್ತದೆ. ಮತ್ತೆ, ಪಾಲಿಸಿ ಇದ್ದರೂ ನಷ್ಟ ಆದ ದಿನ ಏನಿತ್ತು ಅಂತ ತೋರಿಸಬೇಕಾಗುತ್ತದೆ. ಒಂದೊಂದು ರೂಮಿಗೂ ಬಾಗಿಲಲ್ಲಿ ನಿಂತು, ಬೀರು ತೆರೆದು ನಿಧಾನವಾಗಿ ವಿಡಿಯೋ ತೆಗೆದಿಟ್ಟರೆ ಅರ್ಧ ಕೆಲಸ ಆಯಿತು. ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ.

ಒಡವೆ ವಿಷಯದಲ್ಲಿ ನಾನು ಎರಡನ್ನೂ ನಂಬುವುದಿಲ್ಲ. ಒಡವೆ ಎಲ್ಲಿದೆ ಅಂತ ಹಂಚಿಕೊಂಡ ನೋಟಿನಲ್ಲಿ ಬರೆಯುವುದು ಅಂದರೆ ಕಳ್ಳನಿಗೆ ದಾರಿ ತೋರಿಸಿದ ಹಾಗೆ. ಬ್ಯಾಂಕ್ ಲಾಕರಿನಲ್ಲಿಟ್ಟರೆ ಒಳಗೆ ಏನಿದೆ ಅಂತ ಬ್ಯಾಂಕು ಬರೆದುಕೊಳ್ಳುವುದಿಲ್ಲ. ಬೆಂಕಿ, ಕಳವು, ಕಟ್ಟಡ ಕುಸಿತ, ಸಿಬ್ಬಂದಿಯ ಮೋಸ, ಇಂಥದ್ದರಲ್ಲಿ ಹೋದರೆ ಬ್ಯಾಂಕಿನ ಹೊಣೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಅಂತ ರಿಸರ್ವ್ ಬ್ಯಾಂಕ್ ನಿಯಮ. ಬಾಡಿಗೆ 3,000 ಇದ್ದರೆ 3 ಲಕ್ಷ. ಈಗಿನ ಚಿನ್ನದ ಬೆಲೆಗೆ ಎಷ್ಟು ಬಳೆ ಬಂತು ಅಂತ ನೀವೇ ಲೆಕ್ಕ ಹಾಕಿ. ಹಾಲ್‌ಮಾರ್ಕ್ ಇರುವ ಹೊಸ ಚಿನ್ನದ ಒಡವೆಯ ಮೇಲೆ ಎಚ್‌ಯುಐಡಿ, ಅಂದರೆ ಅಕ್ಷರ, ಅಂಕಿ ಸೇರಿ ಆರು ಇರುವ ಗುರುತಿನ ನಂಬರ್ ಇರುತ್ತದೆ, 2023ರ ಏಪ್ರಿಲ್‌ನಿಂದ ಅದು ಕಡ್ಡಾಯ. ಸರ್ಕಾರದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಶುದ್ಧತೆ ಎಷ್ಟು ಅಂತ ತೋರಿಸುತ್ತದೆ. ನಾನು ಎಚ್‌ಯುಐಡಿ, ತೂಕ, ಬಿಲ್ಲಿನ ನಕಲು ಮೂರನ್ನೂ ಕಾಗದದ ಮೇಲೆ ಇಟ್ಟಿದ್ದೇನೆ. ಎಲ್ಲಿ ಅಂತ ಈ ವಿಡಿಯೋದಲ್ಲಿ ಹೇಳುವುದಿಲ್ಲ!

ಹಾಗಾದರೆ ಸಾಫ್ಟ್‌ವೇರ್ ಯಾರಿಗೆ? ಚಿಕ್ಕಮಗಳೂರು, ಕೊಡಗಿನ ಕಡೆ ಹೋಮ್‌ಸ್ಟೇ ನಡೆಸುವವರಿಗೆ ಖಂಡಿತ. ಯಾವ ರೂಮಿನಲ್ಲಿ ಎಷ್ಟು ಬೆಡ್‌ಶೀಟು, ಯಾವ ಗೀಸರ್ ಯಾವತ್ತು ರಿಪೇರಿ ಆಯಿತು ಅನ್ನುವುದು ಅವರಿಗೆ ದಿನನಿತ್ಯದ ಕೆಲಸ. ಕ್ಯಾಮೆರಾ ಬಾಡಿಗೆಗೆ ಕೊಡುವವರಿಗೆ. ಗೋಡೆ ತುಂಬ ಪುಸ್ತಕ ಇಟ್ಟು ಸ್ನೇಹಿತರಿಗೆ ಎರವಲು ಕೊಡುವ ಪುಣ್ಯಾತ್ಮರಿಗೆ. ಇಲ್ಲೆಲ್ಲ ತಿದ್ದುವುದಕ್ಕೆ ಒಬ್ಬರು ಇರುತ್ತಾರೆ, ಅದು ಅವರ ಕೆಲಸ. ನಮ್ಮಂಥ ಮನೆಗೆ ಡಬ್ಬಕ್ಕೊಂದು ನೋಟು, ಬಿಲ್ಲಿಗೊಂದು ಫೋಟೊ ಧಾರಾಳ ಸಾಕು. ನನ್ನ ಹೋಮ್‌ಬಾಕ್ಸ್ ತೆಗೆದುಹಾಕಿಲ್ಲ. ಬಿಲ್ಲು ಇರುವ ದೊಡ್ಡ ಸಾಮಾನು ಮಾತ್ರ ಅದರಲ್ಲಿ ಉಳಿಸಿದ್ದೇನೆ, ಅದೂ ನನ್ನ ಖಯಾಲಿಗೆ.

ಈ ವಿಡಿಯೋ ಮುಚ್ಚುವ ಮುಂಚೆ ಒಂದು ಕೆಲಸ ಮಾಡಿ. ಫೋನ್ ಡಯಲರಿನಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿ. ಐಎಂಇಐ, ಅಂದರೆ ಫೋನಿನ ಗುರುತಿನ ನಂಬರ್ ಬರುತ್ತದೆ. ಫೋನ್ ಕಳೆದರೆ ಪೊಲೀಸ್ ದೂರು ಕೊಟ್ಟು ಸರ್ಕಾರದ ಸಿಇಐಆರ್ ಪೋರ್ಟಲಿನಲ್ಲಿ ಬ್ಲಾಕ್ ಮಾಡಿಸುವುದಕ್ಕೆ ಈ ನಂಬರ್ ಬೇಕು. ಫೋನು ಕೈಯಲ್ಲಿಲ್ಲದಾಗ ಇದನ್ನು ಒತ್ತುವುದು ಹೇಗೆ? ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಟ್ಟುಕೊಂಡರೂ ಪ್ರಯೋಜನ ಇಲ್ಲ. ಮನೆಯಲ್ಲಿ ಇನ್ನೊಬ್ಬರಿಗೆ ಕಳಿಸಿ, ಅವರದ್ದನ್ನೂ ತರಿಸಿಕೊಳ್ಳಿ.