ಪ್ಯಾಂಟಿನ ಸೈಜು 32, ಹೊಟ್ಟೆಯದ್ದೆಷ್ಟು?

ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ತೀರ್ಥಹಳ್ಳಿ ಮಳೆ, ತಗಡಿನ ಮಾಡು. ನನ್ನ ದನಿ ನನಗೇ ಕೇಳುತ್ತಿಲ್ಲ. ಸ್ವಲ್ಪ ಮುಂದೆ ಬನ್ನಿ.

ಶಿವಮೊಗ್ಗದಲ್ಲಿ ನನ್ನ ಕ್ಲಿನಿಕ್ಕಿಗೆ ಬರುವ ಹುಡುಗರದ್ದು ಹೆಚ್ಚುಕಮ್ಮಿ ಒಂದೇ ಕಥೆ. ಕಿಡ್ನಿ ಕಲ್ಲು ಇರಬಹುದು ಅಂತ ಸ್ಕ್ಯಾನ್ ಮಾಡಿಸಿರುತ್ತಾರೆ, ಕಲ್ಲು ಸಿಗುವುದಿಲ್ಲ, ರಿಪೋರ್ಟಿನ ಕೊನೆಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಲಿವರಿನಲ್ಲಿ ಕೊಬ್ಬು ಕೂತಿದೆ, ಮೊದಲ ಹಂತ, ಅಂತ ಇರುತ್ತದೆ. ವಯಸ್ಸು 27, 28. ‘ಡಾಕ್ಟ್ರೇ, ನಾನು ಒಂದು ತೊಟ್ಟೂ ಕುಡಿಯಲ್ಲ. ದಪ್ಪಾನೂ ಇಲ್ಲ. ಕಾಲೇಜಿಂದ ಪ್ಯಾಂಟಿನ ಸೈಜು 32ನೇ’ ಅನ್ನುತ್ತಾರೆ.

ಸುಳ್ಳಲ್ಲ ಅದು. ಆದರೆ ಪ್ಯಾಂಟು ಎಲ್ಲಿ ನಿಂತಿದೆ ನೋಡಿ. ಆಗ ಹೊಕ್ಕುಳ ಹತ್ತಿರ ಇದ್ದ ಬೆಲ್ಟು, ಹೊಟ್ಟೆ ಬೆಳೆದ ಹಾಗೆ ಬೆರಳು ಬೆರಳೇ ಕೆಳಗೆ ಜಾರಿ, ಈಗ ಹೊಟ್ಟೆಯ ಅಡಿಗೆ ಹೋಗಿ ಸಿಕ್ಕಿಕೊಂಡಿದೆ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ.

ನಮ್ಮ ದೇಶದವರ ಮೈಯೇ ಸ್ವಲ್ಪ ಹಾಗೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಲೆಕ್ಕ ಕೊಟ್ಟರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರದ್ದು ಶೇ. 21.2!

ಚಿವುಟಿದರೆ ಕೈಗೆ ಸಿಗುವ ಕೊಬ್ಬು ಅಷ್ಟು ಕಾಟ ಕೊಡುವುದಿಲ್ಲ. ಕರುಳಿನ ಸುತ್ತ ಕೂರುವುದು ಬೇರೆ ಜಾತಿ. ಅಲ್ಲಿಯ ರಕ್ತ ನೇರ ಲಿವರಿಗೇ ಹೋಗುತ್ತದೆ, ಮೇಲಿನ ತೋಟದ ಬಸಿಗಾಲುವೆ ನೀರು ಕೆಳಗಿನ ತೋಟಕ್ಕೆ ನುಗ್ಗಿದ ಹಾಗೆ. ಸಾಲದ್ದಕ್ಕೆ ನಾವು ತಿಂದ ಸಕ್ಕರೆಯಿಂದ ಲಿವರ್ ತಾನೂ ಕೊಬ್ಬು ತಯಾರಿಸುತ್ತದೆ. ಲಿವರಿನಲ್ಲಿ ಕೊಬ್ಬು ಶೇ. 5 ದಾಟಿದರೆ ಫ್ಯಾಟಿ ಲಿವರ್. ಎಲ್ಲರಿಗೂ ಮುಂದೆ ಹೋಗುವುದಿಲ್ಲ, ಆದರೆ ಕೆಲವರಿಗೆ ಊತ ಬಂದು, ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತಾ ಸಿರೋಸಿಸ್‌ಗೆ ಮುಟ್ಟುತ್ತದೆ. ಅಲ್ಲಿಯವರೆಗೆ ನೋವೇ ಇಲ್ಲದಿರಬಹುದು. ರಕ್ತದ ಪರೀಕ್ಷೆಯೂ ಎಷ್ಟೋ ಸಲ ನಾರ್ಮಲ್ ಬರುತ್ತದೆ.

ಸುಮ್ನೆ ಕಡುಬಿನ ಮೇಲೆ ತಪ್ಪು ಹೊರಿಸಬೇಡಿ. ನಮ್ಮಜ್ಜನೂ ಕೂತರೆ ಆರು ಕಡುಬು ತಿನ್ನುತ್ತಿದ್ದರು, ತಿಂದು ಗುಡ್ಡ ಹತ್ತಿ ಸೊಪ್ಪಿನ ಹೊರೆ ತಂದು ತೋಟಕ್ಕೆ ಇಳಿಸುತ್ತಿದ್ದರು. ನಾವು ದಣಪೆಯವರೆಗೂ ಬೈಕಲ್ಲಿ. ಕಳೆ ಹೊಡೆಯಲು ಮಷಿನ್. ಸಂಜೆ ಪೇಟೆಯಲ್ಲಿ ಗೋಬಿ, ಜೊತೆಗೆ ಅರ್ಧ ಲೀಟರ್ ಕೋಲಾ. ಆ ಬಾಟಲಿಯಲ್ಲಿ 10 ಚಮಚಕ್ಕಿಂತ ಜಾಸ್ತಿ ಸಕ್ಕರೆ ಇದೆ. ಒಂದು ಲೋಟ ಕಾಫಿಗೆ 10 ಚಮಚ ಹಾಕಿ ಕೊಟ್ಟರೆ ಕುಡಿಯುತ್ತೀರಾ? ಅಂದಹಾಗೆ, ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳಿವೆ. ಖುಷಿಯಾಯ್ತಾ? ಸಕ್ಕರೆ ಹಾಕದೆ, ಮತ್ತೆ.

ಲಿವರ್ ತೊಳೆಯುತ್ತೇನೆ ಅಂತ ಕಂಡಕಂಡ ಕಷಾಯಕ್ಕೆ ಹೋಗಬೇಡಿ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದೇ ಲಿವರ್ ಕೆಡಿಸಿಕೊಂಡವರ ವರದಿಗಳಿವೆ. ತೂಕ ಶೇ. 5ರಷ್ಟು ಇಳಿದರೇ ಲಿವರಿನ ಕೊಬ್ಬು ಕರಗುತ್ತದೆ, ಶೇ. 7ರಿಂದ 10 ಇಳಿಸಿದರೆ ಊತವೂ ಇಳಿಯಬಹುದು. 80 ಕಿಲೋದವನಿಗೆ ಮೊದಲ ಗುರಿ ಬರೀ ನಾಲ್ಕು ಕಿಲೋ.

ಮೇಜಿನ ಮೇಲೆ ಟೇಪು ಇಟ್ಟಿದ್ದೇನೆ. ಬೆಲ್ಟಿನ ಮೇಲಲ್ಲ, ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಗೂ ನಡುವೆ ಹಿಡಿಯಬೇಕು. ನಮ್ಮ ಗಂಡಸರಿಗೆ ಗೆರೆ 90 ಸೆಂಟಿಮೀಟರ್. ನನ್ನದು ಬೆಳಿಗ್ಗೆ 94 ಇತ್ತು, ನಗಬೇಡಿ. ಒಬ್ಬೊಬ್ಬರೇ ಬನ್ನಿ, ಹೊಟ್ಟೆ ಒಳಗೆ ಎಳೆದುಕೊಳ್ಳುವ ಹಾಗಿಲ್ಲ.