ಷೇರು ಎಷ್ಟು, ಠೇವಣಿ ಎಷ್ಟು?

ಕೇಳುಗರಿಗೆ ನಮಸ್ಕಾರ. ಷೇರುಪೇಟೆಯ ಮಾತು ಬಂದರೆ ಸಾಕು, ‘ಯಾವ ಷೇರು ಕೊಳ್ಳಲಿ?’ ಎಂದು ಕೇಳುವವರೇ ಹೆಚ್ಚು. ಅದಕ್ಕೂ ಮುಂಚಿನ ಪ್ರಶ್ನೆ ಬೇರೆಯದು. ಇರುವ ಹಣದಲ್ಲಿ ಷೇರಿಗೆ ಎಷ್ಟು ಪಾಲು, ಅಪಾಯವಿಲ್ಲದ ಕಡೆಗೆ ಎಷ್ಟು ಪಾಲು?

ಅಪಾಯವಿಲ್ಲದ್ದು ಎಂದು ಅರ್ಥಶಾಸ್ತ್ರಜ್ಞರು ಸಾಮಾನ್ಯವಾಗಿ ತೋರಿಸುವುದು ಸರ್ಕಾರದ ಟ್ರೆಷರಿ ಬಿಲ್ಲುಗಳನ್ನು, ಅಂದರೆ ಸರ್ಕಾರ ಅಲ್ಪಾವಧಿಗೆ ಸಾಲ ಪಡೆಯುವ ಪತ್ರಗಳನ್ನು. ನಮ್ಮಲ್ಲಿ ಅವು 91, 182 ಮತ್ತು 364 ದಿನಗಳಿಗೆ ಸಿಗುತ್ತವೆ. 2021ರಿಂದ ರಿಸರ್ವ್ ಬ್ಯಾಂಕಿನಲ್ಲಿ ರಿಟೇಲ್ ಡೈರೆಕ್ಟ್ ಖಾತೆ ತೆರೆದು ಯಾರು ಬೇಕಾದರೂ ಕೊಳ್ಳಬಹುದು. ಬ್ಯಾಂಕ್ ಠೇವಣಿಗಾದರೆ 5 ಲಕ್ಷ ರೂಪಾಯಿವರೆಗೆ ವಿಮೆಯ ಆಸರೆಯಿದೆ. ಬೆಲೆ ಏರಿಕೆಯಿಂದ ಮಾತ್ರ ಎರಡಕ್ಕೂ ರಕ್ಷಣೆಯಿಲ್ಲ.

2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್ ಕೊನೆಗೆ 8,000ಕ್ಕಿಂತ ಕೆಳಗಿಳಿದಿತ್ತು. ಆ ಸೂಚ್ಯಂಕದಂತೆಯೇ 10 ಲಕ್ಷವನ್ನೂ ಷೇರಿನಲ್ಲಿಟ್ಟವರಿಗೆ ಉಳಿದದ್ದು ನಾಲ್ಕು ಲಕ್ಷಕ್ಕೂ ಕಡಿಮೆ. ಅರ್ಧ ಮಾತ್ರ ಇಟ್ಟವರ ಕೈಯಲ್ಲಿ, ಬಡ್ಡಿ ಬಿಟ್ಟರೂ, ಸುಮಾರು ಏಳು ಲಕ್ಷವಿತ್ತು. ಯಾವ ಷೇರು ಎಂಬ ಜಾಣತನಕ್ಕಿಂತ ಎಷ್ಟು ಎಂಬ ತೀರ್ಮಾನವೇ ಅವರನ್ನು ಕಾಪಾಡಿತು.

ಈ ‘ಎಷ್ಟು’ ಎಂಬುದಕ್ಕೆ 1969ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಒಂದು ಸೂತ್ರ ಕೊಟ್ಟರು. ಕಾಗದ, ಪೆನ್ನು ಹತ್ತಿರವಿದ್ದರೆ ಬರೆದುಕೊಳ್ಳಿ. ಷೇರಿನಿಂದ ವರ್ಷಕ್ಕೆ ಶೇಕಡಾ 12, ಸರ್ಕಾರಿ ಪತ್ರದಿಂದ 7 ಬರಬಹುದು ಎಂದಿಟ್ಟುಕೊಳ್ಳೋಣ. ಹೆಚ್ಚುವರಿ 5, ಅಂದರೆ 0.05. ಷೇರಿನ ಏರಿಳಿತ, ಅಂದರೆ ವರ್ಷದ ಗಳಿಕೆ ಸರಾಸರಿಯಿಂದ ಅತ್ತಿತ್ತ ಸರಿಯುವ ಪ್ರಮಾಣ, ಶೇಕಡಾ 20 ಎನ್ನೋಣ, ಅಂದರೆ 0.20; ಅದರ ವರ್ಗ 0.04. ನಷ್ಟಕ್ಕೆ ನೀವು ಎಷ್ಟು ಅಂಜುತ್ತೀರಿ ಎಂಬುದಕ್ಕೂ ಒಂದು ಅಂಕಿ ಬೇಕು; ಅಂಜಿಕೆ ಹೆಚ್ಚಿದಷ್ಟೂ ಅದು ದೊಡ್ಡದು. ವರ್ಗವನ್ನು ಆ ಅಂಕಿಯಿಂದ, 3 ಎನ್ನೋಣ, ಗುಣಿಸಿದರೆ 0.12. ಈಗ 0.05ನ್ನು 0.12ರಿಂದ ಭಾಗಿಸಿ: ಷೇರಿನ ಪಾಲು ಶೇಕಡಾ 42ರ ಆಸುಪಾಸು.

ಆದರೆ 12ರ ಬದಲು 10 ಎಂದು ಊಹಿಸಿ ನೋಡಿ. ಪಾಲು ಒಮ್ಮೆಲೇ ಶೇಕಡಾ 25ಕ್ಕೆ ಇಳಿಯುತ್ತದೆ. ಹೀಗೆ ಊಹೆಯ ಮೇಲೆ ನಿಂತ ಸೂತ್ರದ ಉತ್ತರವನ್ನು ವೇದವಾಕ್ಯವೆಂದು ಹಿಡಿಯಲಾಗದು. ಏರಿಳಿತ ದುಪ್ಪಟ್ಟಾದರೆ ಪಾಲು ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಎಂಬ ಲೆಕ್ಕವೇ ನನಗೆ ಅದರಲ್ಲಿ ಹೆಚ್ಚು ಬೆಲೆಯುಳ್ಳದ್ದು.

‘ನೂರರಿಂದ ವಯಸ್ಸು ಕಳೆಯಿರಿ, ಉಳಿದಷ್ಟು ಷೇರಿಗೆ’ ಎಂಬ ಚಾಲ್ತಿಯ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅದು ವಯಸ್ಸನ್ನು ನೋಡುತ್ತದೆ, ಸಂಬಳವನ್ನು ನೋಡುವುದಿಲ್ಲ. ಪಿಂಚಣಿ ಪಡೆಯುವ ಅರವತ್ತೈದರ ಮೇಷ್ಟರಿಗೆ ಆ ಪಿಂಚಣಿಯೇ ದೊಡ್ಡ ಸರ್ಕಾರಿ ಪತ್ರವಿದ್ದಂತೆ. ಉಳಿತಾಯದಲ್ಲಿ ತುಸು ಹೆಚ್ಚು ಷೇರಿದ್ದರೂ ಅವರ ಮನೆಖರ್ಚು ನಿಲ್ಲುವುದಿಲ್ಲ. ಮೂವತ್ತರ ಸಾಫ್ಟ್‌ವೇರ್ ಉದ್ಯೋಗಿ ತನ್ನದೇ ಕಂಪನಿಯ ಷೇರು ತುಂಬಿಕೊಂಡಿದ್ದರೆ, ಪೇಟೆ ಕುಸಿದ ವರ್ಷವೇ ಕೆಲಸವೂ ಹೋಗಬಹುದು. ಠೇವಣಿ ಹೆಚ್ಚು ಬೇಕಾದದ್ದು ಆತನಿಗೆ. ನಮಸ್ಕಾರ.